ಎಡಕ್ಕೆ ತಿರುಗದ ದಿಬ್ಬಣ

ಹ್ಯಾಂಡಲಿನ ನೀಲಿ ಮಣಿ ಎಡಕ್ಕೆ ವಾಲಿತು, ಹಾಡು ಸತ್ತಿತು, ಮಣಿ ನೆಟ್ಟಗಾಯಿತು, ಹಾಡು ಎದ್ದಿತು — ಇಲ್ಲ, ಸತ್ತಿಲ್ಲ, ಮದುಮಗ ಶಹಾತನ ಬೈಕಿನ ಸ್ಪೀಕರುಗಳು ಸಾಯುವ ಜಾತಿಯವಲ್ಲ, ಇವು ಕೂಗಿದರೆ ಮನ್ಸೂರಾ ಊರಿನ ಬೆಕ್ಕು ಅಲೆಕ್ಸಾಂಡ್ರಿಯಾದಲ್ಲಿ ಹೋಗಿ ಬೀಳುತ್ತದೆ, ನೈಲ್ ನದಿ ಅರೆಗಳಿಗೆ ಹಿಂದಕ್ಕೆ ಹರಿಯುತ್ತದೆ, ಆದರೂ ರೆಪ್ಪೆ ಬಡಿಯುವಷ್ಟು ಮೌನ, ಆ ಮೌನಕ್ಕೆ ಸರಿಯಾಗಿ ಹಿಂದಿನ ಟುಕ್‌ಟುಕ್ ಆಟೋದಿಂದ ಅತ್ತೆ ನಾಲಿಗೆ ಅಲ್ಲಾಡಿಸಿ ಲುಲುಲುಲು ಎಂದು ಎಂಥ ಮದುವೆ ಉಲಿ ಹಾಕಿದಳು, ಪುಣ್ಯಾತ್ಗಿತ್ತಿ, ಕಟ್ಟಕಡೆಯ ವ್ಯಾನಿನಲ್ಲಿದ್ದ ಮಾವನಿಗೆ ಏನೂ ತಿಳಿಯಲಿಲ್ಲ — ತಿಳಿದಿದ್ದರೆ? ಬೆನ್ನಿಗಂಟಿ ಕೂತ ಮದುಮಗಳು ಬುಸೈನಾ ಇಲ್ಲೇ ಇಳಿಯಬೇಕಿತ್ತು, ಎಲ್ಲ ಶಹಾತನ ಬಾಯಿಂದಲೇ, ಮದುವೆ ಮಾತಿನ ದಿನ ಎದೆಯುಬ್ಬಿಸಿ ಹೇಳಿದ್ದ, ಮಾವಾ, ನಿಮ್ಮ ಹೊಸಿಲಿಂದ ನಮ್ಮ ಹೊಸಿಲ ತನಕ ಹಾಡು ನಿಲ್ಲಲ್ಲ, ಆಣೆಯಿಡದೆ ಚಹಾ ಕೂಡ ಕುಡಿಯದ ಮಾವ ತೊಡೆ ತಟ್ಟಿದ್ದ, ನಿಂತರೆ ನನ್ನ ಮಗಳು ನನ್ ಜೊತೆ ವಾಪಸ್, ಕರ್ಕೊಂಡು ಹೋಗದಿದ್ರೆ ಇವಳಮ್ಮನಿಗೆ ತಲಾಖ್! ಇವತ್ತು ಹೊರಡುವಾಗ ಅತ್ತೆ ಕಿವಿ ಹಿಂಡಿದ್ದಳು, ಅಳಿಯಾ, ನನ್ನ ಸಂಸಾರ ನಿನ್ನ ಆ ಡಬ್ಬದೊಳಗಿದೆ, ಹುಷಾರು.

ಏನು ರೋಗ ಇದಕ್ಕೆ, ಬೆಳಿಗ್ಗೆ ಬ್ಯಾಟರಿ ನೋಡಿದ್ದಾಯಿತು, ಫೋನು ಬದಲಿಸಿದ್ದಾಯಿತು, ಎಡದ ಸ್ಪೀಕರ್ ಬಲಕ್ಕೆ ಬಲದ್ದು ಎಡಕ್ಕೆ, ತಂತಿಯ ತುದಿಗೆ ಟಾರ್ಚಿನ ಸೆಲ್ಲು ಮುಟ್ಟಿಸಿದರೆ ಎರಡೂ ಟಕ್ ಟಕ್ ಎಂದು ಓಗೊಟ್ಟವು, ಸ್ಟ್ಯಾಂಡಿನ ಮೇಲೆ ನಿಲ್ಲಿಸಿದಾಗ ಒಂದು ತಪ್ಪು ಸ್ವರವಿಲ್ಲ — ಕಣ್ಣು ತಾಗಿತೇ? ತಾಗಲು ಸಾಧ್ಯವೇ ಇಲ್ಲ, ಬೀದಿಗೆ ಬೀದಿಯೇ ಆಹಾ ಎಂದ ದಿನವೇ ದೃಷ್ಟಿಯ ನೀಲಿ ಮಣಿ ತಂದು ಹ್ಯಾಂಡಲಿನ ಬುಡಕ್ಕೆ ಕಟ್ಟಿದ್ದ, ಪ್ಲಾಸ್ಟಿಕ್ ಪಟ್ಟಿಯನ್ನು ಹಲ್ಲಿನಲ್ಲಿ ಎಳೆದು ಬಿಗಿದಿದ್ದ, ಸೈತಾನನಿಗೂ ಬಿಚ್ಚಲಾಗದಂತೆ — ಗುಂಡಿ ಬಂತು, ಹಾಡಿತು, ಉಬ್ಬು ಬಂತು, ಹಾಡಿತು, ಮಸೀದಿಯ ಮೂಲೆಯಲ್ಲಿ ಎಡಕ್ಕೆ ತಿರುಗಿದ, ಮೂಕ, ಅತ್ತೆ ಲುಲುಲುಲು! ಓಹೋ, ಬಲಕ್ಕೆ ಗಂಧರ್ವ, ಎಡಕ್ಕೆ ಮಾತ್ರ ಮೂಕ, ಸರಿ ಹಾಗಾದರೆ, ಎಡ ಎಂಬುದೇ ಈ ಲೋಕದಲ್ಲಿಲ್ಲ, ಬಲ, ಮತ್ತೆ ಬಲ, ಇನ್ನೊಂದು ಬಲ, ಇಡೀ ದಿಬ್ಬಣ ಹಿಂದೆಯೇ, ಕಬ್ಬಿನ ಹಾಲಿನ ಅಂಗಡಿಯವನು ಮೂರನೇ ಸಲ ಲೋಟ ಎತ್ತಿ, ಏನಯ್ಯಾ ಮದುಮಗನೇ, ಮೂವರನ್ನ ಮದ್ವೆ ಆದ್ಯಾ? ಮಾವ ಹಿಂದಿನಿಂದ, ನಿನ್ನ ಮನೆ ಇರೋದು ಸೂಡಾನ್‌ನಲ್ಲೇನೋ? ಬುಸೈನಾ ಬೆನ್ನಿಗೆ ಹಣೆಯೊತ್ತಿ ನಗುತ್ತಾಳೆ, ಆ ನಗು ಬೆನ್ನುಮೂಳೆಯಲ್ಲಿ ಡೋಲು ಬಾರಿಸುತ್ತದೆ, ಇಂಥ ಮೆರವಣಿಗೆ ಫರೋಹನಿಗೂ ಸಿಕ್ಕಿರಲಿಲ್ಲ, ಇನ್ನೂ ನೂರು ಸುತ್ತು ಸುತ್ತಬಹುದು — ಆದರೆ ಕಾಲುವೆ ದಾರಿ ಬಂತು, ಬಲಕ್ಕೆ ಬರೀ ನೀರು, ಎಡಕ್ಕೆ ತನ್ನ ಓಣಿ, ಆಚೆ ತುದಿಯಿಂದ ಬಂದರೆ ಅದೂ ಬಲವೇ, ಆದರೆ ಆಚೆಯ ಸೇತುವೆಗೆ ಅಡ್ಡಲಾಗಿ ಹುಲ್ಲಿನ ಲಾರಿ ನಿಂತಿದೆ, ಮಾವನ ವ್ಯಾನು ಪಕ್ಕಕ್ಕೇ ಬಂದಿದೆ, ಕಿಟಕಿಯಿಂದ ಆ ಮಹಾ ಕಿವಿ ಹೊರಗೆ, ಅತ್ತೆ ಬಾಯಿ ತೆರೆದಳು, ಬರೀ ಗಾಳಿ, ಗಂಟಲು ಯಾವಾಗಲೋ ಕೂತುಹೋಗಿದೆ, ಯಾ ಅಲ್ಲಾ, ಹ್ಯಾಂಡಲು ಎಡಕ್ಕೆ ವಾಲುತ್ತಿದೆ, ಮಣಿ ವಾಲುತ್ತಿದೆ, ಆಗ ತೋಳಿನ ಕೆಳಗಿಂದ ಒಂದು ಕೈ, ಗೋರಂಟಿಯ ಕೈ, ಟ್ಯಾಂಕಿನ ಮೇಲೆ ಸರಿದು ಹ್ಯಾಂಡಲಿನ ಬುಡಕ್ಕೆ, ಕಿವಿಯಲ್ಲಿ ಬಿಸಿಯುಸಿರು, ಜಂಬದ ಕೋಳೀ, ನಿನ್ನ ಮಣಿಯ ಪಟ್ಟೀನೇ ಸ್ಪೀಕರಿನ ತಂತಿಯ ಕತ್ತು ಹಿಸುಕ್ತಾ ಇರೋದು, ಎಡಕ್ಕೆ ತಿರುಗಿದಾಗೆಲ್ಲ ನೋಡ್ತಾನೇ ಇದ್ದೀನಿ, ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ್ತಿ ಎಂದರೆ, ಹೇಳಿದ್ರೆ ಮೂರು ಸುತ್ತು ಸಿಗ್ತಿತ್ತಾ? ಎರಡು ಬೆರಳು ತಂತಿಯನ್ನು ಪಟ್ಟಿಯೊಳಕ್ಕೆ ತಳ್ಳಿ ಸಡಿಲಿಸಿ ಹಿಡಿದವು, ಬೈಕು ಎಡಕ್ಕೆ, ಇನ್ನೂ ಎಡಕ್ಕೆ, ಪೂರ್ತಿ ಎಡಕ್ಕೆ, ಹಾಡು ಹಾಡುತ್ತಲೇ ಇದೆ, ಓಣಿಯ ಗೋಡೆಗಳು ನಡುಗುತ್ತವೆ, ಹೊಸಿಲು, ಮಾವ ಚಪ್ಪಾಳೆ ತಟ್ಟುತ್ತಾನೆ, ಶಹಾತನಿಗೆ ಹೊಸಿಲೂ ಕಾಣದು ಮಾವನೂ ಕಾಣನು, ಕೆಂಪು ಬೆರಳುಗಳು, ನೀಲಿ ಮಣಿ, ಕೆಂಪು ಬೆರಳುಗಳ ನಡುವೆ ನೀಲಿ ಮಣಿ —