ಗೊಬ್ಬರವಿಲ್ಲದ ನಾಲ್ಕು ಮಡಿ

ಮೂರನೇ ಚೀಲವನ್ನು ಕೊಕ್ಕೆಗೆ ಸಿಕ್ಕಿಸಿದಾಗಲೂ ತಕ್ಕಡಿಯ ಮುಳ್ಳು ಹತ್ತು ಕಿಲೋದ ಹತ್ತಿರ ಹೋಗಿ ನಿಂತಿತು. ನಯನಾ ಬಗ್ಗಿ ನೋಡಿದಳು. ಚೀಲಕ್ಕೆ ಕಟ್ಟಿದ್ದ ಚೀಟಿ ಹೊರಳಿಸಿ ಮಡಿಯ ಸಂಖ್ಯೆ ಓದಿಕೊಂಡಳು.

"ಇನ್ನೊಂದ್ಸಲ ತೂಗ್ರಿ ಕರಿಯಣ್ಣ."

ಮಡಿಗಳ ಅಳತೆ ಬರೆದಿಡುವ ಸಹಾಯಕ ಕರಿಯಣ್ಣ ಚೀಲ ಇಳಿಸಿ, ಖಾಲಿ ಕೊಕ್ಕೆ ಅಲ್ಲಾಡಿಸಿ, ಮುಳ್ಳು ಸೊನ್ನೆಗೆ ಬಂದದ್ದನ್ನು ತೋರಿಸಿ ಮತ್ತೆ ಸಿಕ್ಕಿಸಿದ. ಅದೇ ತೂಕ.

ಹದಡಿಯ ಈ ಗದ್ದೆಯಲ್ಲಿ ನಯನಾಳ ಇಲಾಖೆಯ ಪ್ರಯೋಗಕ್ಕೆ ಇದು ಮೂರನೇ ವರ್ಷ, ಕೊನೆಯ ವರ್ಷ. ಒಂದೇ ಅಳತೆಯ ಹನ್ನೆರಡು ಸಣ್ಣ ಭತ್ತದ ಮಡಿಗಳು. ನಾಲ್ಕಕ್ಕೆ ಪೂರ್ತಿ ಯೂರಿಯಾ. ನಾಲ್ಕಕ್ಕೆ ಅರ್ಧ ಯೂರಿಯಾ, ಜೊತೆಗೆ ಅವಳು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಾಣು ಗೊಬ್ಬರ. ಉಳಿದ ನಾಲ್ಕಕ್ಕೆ ಏನೂ ಇಲ್ಲ. ಗೊಬ್ಬರ ಕಾಣದ ಮಡಿಯ ಪಕ್ಕಕ್ಕಿಟ್ಟು ನೋಡಿದರಷ್ಟೇ ಉಳಿದವುಗಳ ಗುಣ ತಿಳಿಯುತ್ತಿತ್ತು. ಎರಡು ವರ್ಷವೂ ಅವು ಐದು ಕಿಲೋ ದಾಟಿರಲಿಲ್ಲ. ಈ ಸಲ ಗೊಬ್ಬರ ತಿಂದವುಗಳ ಸಮಕ್ಕೆ ಬಂದು ಕೂತಿದ್ದವು.

ನಯನಾ ಬದುವಿನ ಮೇಲೆ ಕುಳಿತು ಫೋನಿನಲ್ಲಿ ಮೇಲಿನವರ ಜೊತೆ ಮಾತಾಡಿದಳು. ಮಣ್ಣಿನಲ್ಲೇ ಸಾರ ಇತ್ತೇನೋ, ಜಾಗ ಆರಿಸಿದ್ದೇ ತಪ್ಪಾಯಿತೇನೋ ಎಂದಳು. ಸಂಜೆಯೊಳಗೆ ವರದಿ ಕಳಿಸುತ್ತೇನೆ, ಗೊಬ್ಬರದಿಂದ ಫಲ ಕಾಣಲಿಲ್ಲ ಅಂತಲೇ ಬರೆಯುತ್ತೇನೆ ಎಂದಳು. ಫೋನ್ ಇಟ್ಟ ಮೇಲೆ ಕಾಲ ಬಳಿಯ ಹುಲ್ಲನ್ನು ಒಂದೊಂದೇ ಎಳೆ ಕೀಳುತ್ತ ಕೂತಳು. ಎಂ.ಸಿ.ಸಿ. ಬಡಾವಣೆಯ ಒಂಟಿ ಕೋಣೆಯಿಂದ ಬೆಳಗಿನ ಆರಕ್ಕೇ ಸ್ಕೂಟಿ ಹತ್ತಿ ಈ ಗದ್ದೆಗೆ ಬಂದ ದಿನಗಳನ್ನು ಕರಿಯಣ್ಣ ಬಲ್ಲ. ಪ್ರಬಂಧ ಅಚ್ಚಾದಾಗ ನಿಮ್ಮ ಹೆಸರೂ ಇರತೈತೆ ಎಂದು ಹೋದ ವರ್ಷವೇ ಅವಳು ಹೇಳಿದ್ದಳು. ಆ ಮಾತನ್ನು ಅವನು ಮಗಳು ಸುಷ್ಮಾಳಿಗೆ ಎರಡು ಸಲ ಹೇಳಿದ್ದ.

ಊಟದ ಹೊತ್ತಿಗೆ ಗದ್ದೆಯ ಒಡತಿ ಮರುಳಸಿದ್ದಮ್ಮ ಬುಟ್ಟಿ ಹೊತ್ತು ಬಂದಳು. ಬೇವಿನ ನೆರಳಲ್ಲಿ ಮುತ್ತುಗದೆಲೆ ಹಾಸಿದಳು. ಕೊಯ್ಲಿನ ಹೆಂಗಸರು, ಜೀಪಿನ ಡ್ರೈವರ್, ನಯನಾ, ಕರಿಯಣ್ಣ, ಎಲ್ಲರೂ ಒಂದೇ ಸಾಲು. ಮೊದಲ ವರ್ಷ ಕರಿಯಣ್ಣ ತನ್ನ ಎಲೆ ಹಿಡಿದು ದೂರ ಬದುವಿನ ಮೇಲೆ ಹೋಗಿ ಕೂತಿದ್ದ. ಮರುಳಸಿದ್ದಮ್ಮನೇ ಬೈದು ಸಾಲಿಗೆ ಎಳೆತಂದು ಕೂರಿಸಿದ್ದಳು. ನಮ್ಮಪ್ಪನ ಮನ್ಯಾಗ ಪಂಕ್ತಿಭೇದ ಇಲ್ಲ ಕಣಪ್ಪ, ನನ್ನ ಕೈಲಿ ಮಾಡಿಸಬ್ಯಾಡ ಎಂದಿದ್ದಳು.

ರೊಟ್ಟಿ, ಬದನೆಕಾಯಿ ಪಲ್ಯ ಬಡಿಸುತ್ತ ಅವನ ಎಲೆಯ ಹತ್ತಿರ ಬಂದವಳು ಗದ್ದೆಯತ್ತ ಗಲ್ಲ ಎತ್ತಿ ತೋರಿಸಿದಳು.

"ಆ ನಾಕೂ ಈ ಸಲ ಹೆಂಗ್ ಬಂದಾವೆ ನೋಡಿದ್ಯಾ?"

"ಬಂದಾವ್ರಿ ಅಮ್ಮಾರೆ."

"ನಾನೇ ಹಾಕ್ದೆ. ಮಡಿಗೆ ಎರಡು ಬೊಗಸೆ ಯೂರಿಯಾ. ಎಂಟು ದಿನಕ್ಕ ಹಸ್ರಾದ್ವು." ಅವಳು ದನಿ ತಗ್ಗಿಸಲಿಲ್ಲ, ತಗ್ಗಿಸಬೇಕೆಂದು ಅವಳಿಗೆ ತೋಚಿರಲಿಲ್ಲ. "ಸಾಲಾಗಿ ಕೂಡಿಸಿ ಎಂಟಕ್ಕ ಬಡಿಸಿ ನಾಕಕ್ಕ ಬಿಟ್ರೆ, ನನಗೆ ಎರಡು ವರ್ಷ ಊಟ ಸೇರಲಿಲ್ಲಪ್ಪ. ಈ ಸಲ ಹಾಕೋ ಹೊತ್ತಿಗೆ ನೀನೂ ಬರ್ತಿರಲಿಲ್ಲ, ಕೇಳಾನ ಅಂದ್ರೆ."

ಡ್ರೈವರ್ ಏನೋ ತಮಾಷೆ ಹೇಳುತ್ತಿದ್ದ, ಹೆಂಗಸರು ನಗುತ್ತಿದ್ದರು. ಸಾಲಿನ ಆ ತುದಿಯಲ್ಲಿ ನಯನಾ ಮತ್ತೆ ಫೋನ್ ಹಿಡಿದಿದ್ದಳು. ಅವಳಿಗೆ ಕೇಳಿಸಿರಲಿಲ್ಲ.

ಕರಿಯಣ್ಣ ತುತ್ತು ಎತ್ತಲಿಲ್ಲ. ಸೆಪ್ಟೆಂಬರಿನಲ್ಲಿ ಹರಿಹರದಲ್ಲಿ ಅವನ ತಮ್ಮ ಮನೆ ಕಟ್ಟುವಾಗ, ತಾರಸಿ ಹಾಕುವ ತನಕ ಅಂತ ಹೋದವನು ಎರಡು ವಾರ ಅಲ್ಲೇ ಉಳಿದಿದ್ದ. ಬಂದ ಮೇಲೆ, ಗದ್ದೆಗೆ ಹೋಗುವ ಮೊದಲೇ, ಅಳತೆಯ ಪುಸ್ತಕದಲ್ಲಿ ಆ ಎರಡು ವಾರದ ಪೈರಿನ ಎತ್ತರ, ಎಲೆಯ ಬಣ್ಣ ಎಲ್ಲವನ್ನೂ ತುಂಬಿದ್ದ. ಗೊಬ್ಬರವಿಲ್ಲದ ನಾಲ್ಕರ ಮುಂದೆ ಹಳದಿ ಎಂದು ಬರೆದಿದ್ದ. ಗದ್ದೆಗೆ ಹೋದರೆ ನಾಲ್ಕೂ ಹಸಿರು. ಬದು ಒಡೆದು ಪಕ್ಕದ ಮಡಿಯ ನೀರು ನುಗ್ಗಿರಬೇಕು ಅಂದುಕೊಂಡು ಬದುವಿಗೆ ಮಣ್ಣು ಮೆತ್ತಿ ಸುಮ್ಮನಾಗಿದ್ದ. ಮೇಡಂಗೆ ಹೇಳಬೇಕೆಂದರೆ ಯಾವತ್ತಿನಿಂದ ಹಸಿರು ಎಂದೂ ಹೇಳಬೇಕಾಗುತ್ತಿತ್ತು, ತಾನು ಊರಲ್ಲಿರಲಿಲ್ಲ ಎಂಬುದು ಹೊರಬೀಳುತ್ತಿತ್ತು.

ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸಂಜೆ ವರದಿ ಹೋಗುತ್ತದೆ, ಮೂರು ವರ್ಷದ ಕೆಲಸಕ್ಕೆ ಫಲವಿಲ್ಲ ಎಂಬ ಒಂದು ಸಾಲು ಬೀಳುತ್ತದೆ. ನಯನಾ ಬೇರೆ ಊರಿಗೆ ವರ್ಗವಾಗಿ ಹೋಗುತ್ತಾಳೆ.

ಅವನು ಕೈ ಒರೆಸಿಕೊಂಡು ಎದ್ದ. ಜೀಪಿನಿಂದ ಪುಸ್ತಕ ತಂದು, ಸೆಪ್ಟೆಂಬರಿನ ಹಾಳೆ ತೆಗೆದು, ಅವಳ ಎಲೆಯ ಪಕ್ಕ ಇಟ್ಟು ಕುಕ್ಕರಗಾಲಲ್ಲಿ ಕೂತ.

"ಮೇಡಂ, ವರದಿ ಕಳಿಸಬ್ಯಾಡ್ರಿ."

ಹೇಳಿದ. ಯೂರಿಯಾದ್ದನ್ನು ಮೊದಲು ಹೇಳಿದ, ಅದು ಸುಲಭವಿತ್ತು. ಅಮ್ಮಾರದೇನೂ ತಪ್ಪಿಲ್ಲ, ಯಾಕ ಹಾಕಬಾರದು ಅಂತ ನಾನು ತಿಳಿಸಿ ಹೇಳಿರಲಿಲ್ಲ ಎಂದ. ಹರಿಹರದ್ದನ್ನು ಕೊನೆಗೆ ಹೇಳಿದ.

ನಯನಾ ಹಾಳೆಯ ಮೇಲೆ ಬೆರಳಿಟ್ಟಳು. "ಅಳತೆಗೆ ಹೋಗ್ಲಿಲ್ಲ ಅಂದ್ರೆ, ಈ ಎತ್ತರ ಎಲ್ಲಾ ಹೆಂಗ್ ಬರದ್ರಿ?"

"ಹೋದ ವರ್ಷದ್ದು ನೋಡ್ಕೊಂಡು."

ಅವಳು ಹಿಂದಿನ ಹಾಳೆಗಳನ್ನು ತಿರುವಿದಳು. ದುಂಡಗಿನ ಅಕ್ಷರ, ಎಲ್ಲವೂ ಒಂದೇ ಸಮ. ಒಂದು ಕಡೆ ನಿಂತಳು.

"ಹೋದ ವರ್ಷದ್ದು?"

"ಅದು ಅಳದದ್ದೇ ಐತ್ರಿ ಮೇಡಂ. ಅದರ ಹಿಂದಿಂದೂ. ನಾನೇ ಕೋಲು ಹಿಡಿದು ಅಳದದ್ದು."

ಅವಳು ಅವನ ಮುಖ ನೋಡಿದಳು, ಆಮೇಲೆ ಪುಸ್ತಕವನ್ನು ನೋಡಿದಳು. ಹೋದ ವರ್ಷದ ಅಂಕಿಗಳ ಮೇಲೂ ಒಂದೊಂದಾಗಿ ಬೆರಳು ಓಡಿಸಿದಳು. ಅವನು ಎದ್ದು ತನ್ನ ಎಲೆಗೆ ಹೋಗಿ ಕೂತ.

ಮರುಳಸಿದ್ದಮ್ಮ ಮೊಸರನ್ನದ ಪಾತ್ರೆ ಹಿಡಿದು ಸಾಲಿನ ಆ ತುದಿಯಿಂದ ಬಂದಳು. ಒಬ್ಬೊಬ್ಬರಿಗೂ ಒಂದೊಂದು ಸೌಟು. ನಯನಾಳ ಎಲೆಯಲ್ಲಿ ರೊಟ್ಟಿ ಮುರಿದಿರಲಿಲ್ಲ. ಅದರ ಪಕ್ಕಕ್ಕೆ ಒಂದು ಸೌಟು ಹಾಕಿದಳು. ಕರಿಯಣ್ಣನ ಎಲೆಯಲ್ಲೂ ರೊಟ್ಟಿ ಹಾಗೇ ಇತ್ತು. ಅಲ್ಲಿಗೂ ಅಷ್ಟೇ ಹಾಕಿ ಮುಂದೆ ಹೋದಳು.