ಮಧ್ಯಾಹ್ನದ ಬಿಳಿ ಗುಳಿಗೆ

ಬೆಳಗಾವಿಯ ನಮ್ಮ ಸಮಾಜ ಕಲ್ಯಾಣ ಕಚೇರಿಗೆ ಬರುವ ತಕರಾರುಗಳೆಂದರೆ ಹಾಸ್ಟೆಲ್ಲಿನ ತಿಗಣೆ, ಇಲ್ಲವೇ ಬಾಲವಾಡಿಯ ಹುಳು ಹಿಡಿದ ಬೇಳೆ. ಹೀಗಾಗಿ ೧೯೮೩ರ ಜೂನ್ ಕೊನೆಗೆ ಖಾನಾಪುರದ ವೃದ್ಧಾಶ್ರಮದ ಮೇಲೆ ಬಂದ ಕಾಗದ ಓದಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಂದಗಡದ ಭರಮಪ್ಪ ಬರೆದಿದ್ದ: 'ನಮ್ಮ ಸೋದರತ್ತೆ ಕಾಡವ್ವಗೆ ಅಲ್ಲಿಯ ಆಯಾ ಕಾಶವ್ವ ತಪ್ಪು ಗುಳಿಗೆ ಕೊಡುತ್ತಾಳೆ. ಎರಡು ವಾರದಿಂದ ಮಧ್ಯಾಹ್ನವಾದರೆ ಅತ್ತೆ ತಲೆ ತಿರುಗಿ ಬೀಳುತ್ತಾಳೆ.'

ಗುಳಿಗೆಯ ವಿಚಾರಣೆ! ಹನ್ನೊಂದು ವರ್ಷದ ನೌಕರಿಯಲ್ಲಿ ಇದೇ ಮೊದಲು. ಸಿಕ್ಕ ಬಸ್ಸು ಹತ್ತಿ ಹೊರಟೆ.

ವ್ಯವಸ್ಥಾಪಕ ಗುರುಪುತ್ರಪ್ಪನವರು ಆಗಲೇ ತೀರ್ಮಾನ ಮಾಡಿಯಾಗಿತ್ತು. "ಬಾಳಪ್ಪನವರ, ಸಂಜೀಕ ಆ ಕಾಶವ್ವನ್ನ ಮನಿಗಿ ಕಳಸಾವ್ರು ನಾವು. ನೀವೊಂದ ಸಹಿ ಮಾಡ್ರಿ ಸಾಕು."

ಬಾಗಿಲಲ್ಲಿ ನಿಂತಿದ್ದ ಕಾಶವ್ವ ಒಳಗೇ ನುಗ್ಗಿದಳು. "ಒಂಬತ್ತ ವರ್ಷಾತ್ರೀ ಸಾಹೇಬ್ರ! ನನಗ ಅಕ್ಷರಾ ಬರೂದಿಲ್ಲ ಖರೇ. ಆದ್ರ ಯಾರ ಗುಳಿಗಿ ಯಾವ್ದಂತ ನಿದ್ದಿಗಣ್ಣಾಗ ಕೇಳಿದ್ರೂ ಹೇಳ್ತೀನಿ. ಎಣಸ್ರಿ ಬೇಕಾದ್ರ!"

ಎಣಿಸಿದೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕಾಡವ್ವಗೆ ಬೆಳಿಗ್ಗೆ ರಕ್ತದೊತ್ತಡದ ಒಂದು ಬಿಳಿ ಗುಳಿಗೆ, ಅಷ್ಟೇ. ಮಧ್ಯಾಹ್ನದ್ದು ಬಾಜು ಮಂಚದ ಇಮಾಮಬೀಯದು. ಅದೇ ರೋಗ, ಅದೇ ಗುಳಿಗೆ. ಹಾಗಾದರೆ ಮಧ್ಯಾಹ್ನ ಬೀಳುವವಳು ಕಾಡವ್ವ ಏಕೆ? ನಾನು ಆಯಾಳತ್ತ ತಿರುಗಿದೆ.

"ಕಾಶವ್ವಾ, ದಿನಾ ಹೆಂಗ ಕೊಡ್ತಿ ಹಂಗ ಕೊಡು. ನಾ ಮೂಲ್ಯಾಗ ಕುಂದರ್ತೀನಿ."

ಅವಳು ತಟ್ಟೆ ಹಿಡಿದು ಬಂದಳು. "ಇಮಾಮಬೀ ಚಾಚಿ, ತಗೋರಿ," ಎಂದು ಮುದುಕಿಯ ಅಂಗೈಗೆ ಗುಳಿಗೆ ಹಾಕಿ, ನೀರಿನ ಗ್ಲಾಸು ಇಟ್ಟಳು. ಮುದುಕಿ ಕೈ ಬಾಯಿಗೆ ಒಯ್ದು ಕತ್ತು ಮೇಲೆತ್ತಿದಳು. ಹನ್ನೊಂದು ಮಂಚ ಮುಗಿಸಬೇಕಾದ ಕಾಶವ್ವ ಮುಂದೆ ಹೋದಳು. ನಾನು ಗ್ಲಾಸು ನೋಡಿದೆ. ನೀರು ಇದ್ದಷ್ಟೇ ಇತ್ತು!

ಸ್ವಲ್ಪ ಹೊತ್ತಿಗೆ ಇಮಾಮಬೀ ಮೆಲ್ಲಗೆ ಎದ್ದು ಬಾಜು ಮಂಚಕ್ಕೆ ಹೋದಳು. ಕಾಡವ್ವ ಅಂಗೈ ಚಾಚಿದಳು.

"ತಡೀರಿ!" ಎಂದು ನಾನು ಹಾರಿ ನಿಂತೆ.

"ಹಾಯ್ ಅಲ್ಲಾ! ಇವರು ಎಲ್ಲಿದ್ರವ್ವಾ?" ಇಮಾಮಬೀ ಮಂಚದ ಮೇಲೆ ಕುಸಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ರೋಜಾ ಹಿಡದೀನ್ರೀ, ಉಪಾಸ. ಹಗಲಿ ಗುಳಿಗಿ ಹೆಂಗ ನುಂಗಲಿ? ಗುರುಪುತ್ರಪ್ಪನವರಿಗಿ ಗೊತ್ತಾದ್ರ ರೋಜಾನೇ ಬ್ಯಾಡ ಅಂತಾರ. ಒಗದ್ರ ಪಾಪ. ರಮಜಾನದಾಗ ಯಾರಿಗರ ಏನರ ಕೊಡಬೇಕಲ್ರಿ... ಈಕಿಗಿ ಕೊಟ್ನಿ."

"ಗೆಳತಿ ಕೊಟ್ಟದ್ದು ಬ್ಯಾಡ ಅನ್ನಾಕ ಬರ್ತೈತೇನ್ರೀ?" ಎಂದಳು ಕಾಡವ್ವ. "ಎರಡ ನುಂಗಿದ್ರ ಇನ್ನೂ ಗಟ್ಟಿ ಆಗ್ತೀನಂತ ತಿಳದಿದ್ನಿ."

"ಗಟ್ಟಿ ಆಗೇನ ದಿನಾ ಬೀಳ್ತಿದ್ದಿ?" ಕಾಶವ್ವ ಸೊಂಟಕ್ಕೆ ಕೈ ಇಟ್ಟು ಕೂಗಿದಳು. "ಇಬ್ಬರೂ ಕೂಡಿ ನನ್ನ ಅನ್ನಾ ಕಳದಿದ್ರಿ!" ಬೈಯುತ್ತ ಬೈಯುತ್ತಲೇ ಅವಳ ಕಣ್ಣು ತುಂಬಿತು.

ನಾನು ಓಡುನಡಿಗೆಯಲ್ಲಿ ದವಾಖಾನೆಗೆ ಹೋದೆ. ಡಾಕ್ಟರು ನಕ್ಕು, ಎರಡು ಗುಳಿಗೆಗೆ ರಕ್ತದೊತ್ತಡ ಇಳಿದೇ ಕಾಡವ್ವ ಬೀಳುತ್ತಿದ್ದಳೆಂದು ಹೇಳಿ, ಇಮಾಮಬೀಯ ಗುಳಿಗೆಯನ್ನು ಸಂಜೆ ರೋಜಾ ಬಿಟ್ಟ ಮೇಲೆ ಕೊಡಬಹುದೆಂದು ಚೀಟಿ ಬರೆದುಕೊಟ್ಟರು. ಮರಳಿ ಬಂದು ವರದಿ ಬರೆದೆ: ತಕರಾರು ನಿಜ, ತಪ್ಪು ಕಾಶವ್ವನದಲ್ಲ, ನೌಕರಿಯಲ್ಲಿ ಮುಂದುವರಿಸತಕ್ಕದ್ದು.

ಗುರುಪುತ್ರಪ್ಪನವರು ಎರಡು ಸಲ ಓದಿದರು. "ನನಗೂ ಹಂಗ ಅನಸಿತ್ತ ಬಿಡ್ರಿ," ಎಂದರು.

ಬಸ್ಸು ಹೋದರೆ ಹೋಗಲಿ ಎಂದು ನಾನು ಸಂಜೆಯವರೆಗೆ ನಿಂತೆ. ಮಸೀದಿಯಿಂದ ಬಾಂಗ್ ಕೇಳಿತು. ಇಮಾಮಬೀ ಖರ್ಜೂರ ತಿಂದು, ಗುಳಿಗೆ ನುಂಗಿ, ಗಟಗಟ ನೀರು ಕುಡಿದಳು.

"ಬಾಯಿ ತಗೀರಿ ಚಾಚಿ," ಎಂದಳು ಕಾಶವ್ವ, ಕಂದೀಲು ಎತ್ತಿ ಹಿಡಿದು. "ನಾಲಿಗಿ ಮ್ಯಾಲ ಎತ್ತರಿ."

ಒಳಗೆ ಎರಡು ಹಲ್ಲಿದ್ದವು. ಗುಳಿಗೆ ಇರಲಿಲ್ಲ.