ಎಲ್ಲಿ ನಿಂತಿದೆ, ಟೀಚರ್?

ಮೂಡಿಗೆರೆಯಿಂದ ಜಾವಳಿ ಕಡೆಗೆ ಹೋಗುವ ರಸ್ತೆಯ ಆ ಹೈಸ್ಕೂಲಿಗೆ ಟಿ.ವಿ. ಬಂದದ್ದು ಅಹಮದ್ ಅವರ ಜೀಪಿನಲ್ಲಿ. ಗಾಜಿಗೆ ಏಟು ಬೀಳದಿರಲೆಂದು ಅವರು ಅದರ ಸುತ್ತ ಕಾಫಿ ಚೀಲ ಸುತ್ತಿದ್ದರು. ಎಸ್ಟೇಟಿನ ಧಣಿಯೊಬ್ಬರು ಕೊಟ್ಟ ಟಿ.ವಿ., ಅದರ ಜೊತೆಗೊಂದು ಸಿ.ಡಿ. ಪ್ಲೇಯರ್, ಬೆಂಗಳೂರಿನಲ್ಲಿ ತಯಾರಾದ ಗಣಿತದ ಪಾಠಗಳ ಹದಿನಾಲ್ಕು ಸಿ.ಡಿ. ಅಹಮದ್ ಮೆಕ್ಯಾನಿಕ್ ಆದ್ದರಿಂದ ವೈರು ಜೋಡಿಸುವ ಕೆಲಸವೂ ಅವರ ಪಾಲಿಗೇ ಬಂತು. ಕೆಲಸ ಮುಗಿಸಿ ರಿಮೋಟನ್ನು ಸರ್ವಮಂಗಳಾ ಟೀಚರ್ ಕಡೆ ಚಾಚಿದರು.

"ನಂಗ್ಯಾಕೆ? ಕೈಯೆಲ್ಲ ಸೀಮೆಸುಣ್ಣ. ನಿಮ್ಮ ಮಗಳಿಗೇ ಕೊಡಿ," ಎಂದರು ಟೀಚರ್.

ಹಾಗೆ ರಿಮೋಟು ಹತ್ತನೇ ಕ್ಲಾಸಿನ ಬುಷ್ರಾಳ ಕೈಗೆ ಹೋಯಿತು.

ಸರ್ವಮಂಗಳಾ ಟೀಚರ್ ಆ ಶಾಲೆಯಲ್ಲಿ ಗಣಿತ ಹೇಳಲು ಶುರುಮಾಡಿ ಇಪ್ಪತ್ತಾರು ವರ್ಷವಾಗಿತ್ತು. ಏಳು ವರ್ಷಗಳಿಂದ ಅವರ ವಿಷಯದಲ್ಲಿ ಒಬ್ಬರೂ ಫೇಲಾಗಿರಲಿಲ್ಲ. ಇದರ ಗುಟ್ಟು ಪೂರ್ತಿ ಪಾಠದಲ್ಲೇ ಇರಲಿಲ್ಲ. ಪರೀಕ್ಷೆಯ ಅರ್ಜಿ ಹೋಗುವ ಮೊದಲು, ದಡ ಮುಟ್ಟುವುದಿಲ್ಲ ಎನ್ನಿಸಿದ ಒಬ್ಬಿಬ್ಬರ ಮನೆಯವರನ್ನು ಕರೆಸಿ, "ಈ ವರ್ಷ ಬೇಡ, ಇನ್ನೊಂದು ವರ್ಷ ಓದಲಿ" ಎಂದು ಸಮಾಧಾನವಾಗಿ ಹೇಳುತ್ತಿದ್ದರು. ಹೇಳಿದ್ದನ್ನು ಯಾರೂ ಮೀರುತ್ತಿರಲಿಲ್ಲ. ಹಾಗೆ ಉಳಿದವರಲ್ಲಿ ಎಷ್ಟು ಜನ ಮರುವರ್ಷ ಬಂದರು ಎಂದು ಅವರು ಯೋಚಿಸಿದ್ದೂ ಇಲ್ಲ.

ಆ ವರ್ಷದ ಸರದಿ ಬುಷ್ರಾಳದ್ದು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನೂರಕ್ಕೆ ಹನ್ನೊಂದು ಬಂದಿತ್ತು. ಅರ್ಜಿ ಕಳಿಸಲು ಇನ್ನು ಎಂಟು ದಿನ.

ಟೀಚರ್ ಕರೆಸಿ ಅದೇ ಮಾತು ಹೇಳಿದಾಗ ಅಹಮದ್ ಗ್ರೀಸು ಮೆತ್ತಿದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೇಳಿಸಿಕೊಂಡರು.

"ನೀವು ಹೇಳಿದ ಮೇಲೆ ಆಯ್ತು ಟೀಚರ್. ಆದ್ರೆ ಒಂದು ಕೇಳ್ಲಾ? ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ನಾವು ಡೀಸೆಲ್ ಎಲ್ಲಿ ನಿಂತಿದೆ ಅಂತ ಹುಡುಕ್ತೀವಿ. ಟ್ಯಾಂಕಲ್ಲಾ, ಪಂಪಲ್ಲಾ, ಪೈಪಲ್ಲಾ ಅಂತ. ಇವಳದ್ದು ಎಲ್ಲಿ ನಿಂತಿದೆ?"

"ಗಣಿತದಲ್ಲೇ ವೀಕು ಅಹಮದ್ ಅವ್ರೇ."

"ಅದು ಸರಿ. ಗಾಡಿ ಕೆಟ್ಟಿದೆ ಅಂತ ಡ್ರೈವರೂ ಹೇಳ್ತಾನೆ," ಎಂದು ನಕ್ಕು ಅಹಮದ್ ಹೊರಟರು. ನಗುವಿನಲ್ಲಿ ಚುಚ್ಚುವ ಉದ್ದೇಶವೇನೂ ಇರಲಿಲ್ಲ. ಆದರೂ ಟೀಚರ್‌ಗೆ ಅದು ಮೀನಿನ ಮುಳ್ಳಿನಂತೆ ಗಂಟಲಲ್ಲೇ ಉಳಿಯಿತು.

ಸಿ.ಡಿ. ಪಾಠದ ಹೊತ್ತು ಟೀಚರ್‌ಗೆ ಬಿಡುವಿನ ಹೊತ್ತು. ಹಿಂದಿನ ಬೆಂಚಿನಲ್ಲಿ ಕೂತು ನೋಟ್‌ಬುಕ್ಕು ತಿದ್ದುತ್ತಿದ್ದರು. ಮರುದಿನ ಮಾತ್ರ ಕೆಂಪು ಪೆನ್ನು ಕೈಯಲ್ಲೇ ಉಳಿಯಿತು, ಕಿವಿ ಮುಂದಕ್ಕೆ ಹೋಯಿತು.

ಟಿ.ವಿ.ಯಲ್ಲಿ ಕನ್ನಡಕದ ಮೇಷ್ಟ್ರೊಬ್ಬರು ಸಮೀಕರಣ ಬಿಡಿಸುತ್ತಿದ್ದರು. "ಪ್ಲಸ್ ಐದು ಆ ಕಡೆ ಹೋದಾಗ ಮೈನಸ್ ಐದು ಆಗುತ್ತದೆ," ಎಂದರು. ಬುಷ್ರಾ ರಿಮೋಟು ಒತ್ತಿದಳು. ಮೇಷ್ಟ್ರು ಗಡಗಡ ಹಿಂದಕ್ಕೆ ಓಡಿ ಬಂದು ಮತ್ತೆ ಅದನ್ನೇ ಹೇಳಿದರು. ಬುಷ್ರಾ ಮತ್ತೆ ಒತ್ತಿದಳು.

"ಇನ್ನೊಂದ್ಸಲ ಹಾಕೇ," ಎಂದಿತು ಒಂದು ಪಿಸುದನಿ.

"ತಡಿಯೇ, ನಂಗೂ ಆಗ್ಲಿಲ್ಲ," ಎಂದಿತು ಇನ್ನೊಂದು.

ಟೀಚರ್ ಲೆಕ್ಕವಿಟ್ಟರು. ಅದೇ ಜಾಗಕ್ಕೆ ಏಳು ಸಲ. ಇಪ್ಪತ್ತಾರು ವರ್ಷದಲ್ಲಿ ಪ್ರತಿ ಪಾಠದ ಕೊನೆಗೂ "ಅರ್ಥ ಆಯ್ತಾ?" ಎಂದು ಅವರು ಕೇಳಿದ್ದರು, "ಆಯ್ತು ಟೀಚರ್" ಎಂದು ಇಡೀ ಕ್ಲಾಸು ರಾಗವಾಗಿ ಹೇಳಿತ್ತು. ಇನ್ನೊಮ್ಮೆ ಹೇಳಿ ಎಂದು ತಮ್ಮನ್ನು ಯಾರಾದರೂ ಕೇಳಿದ್ದುಂಟೇ? ನೆನಪಿನ ಮೂಲೆಯೆಲ್ಲ ತಡಕಿದರೂ ಒಂದು ಮುಖವೂ ಸಿಗಲಿಲ್ಲ. ಗುರುತು ಪರಿಚಯವಿಲ್ಲದ ಕನ್ನಡಕದ ಮೇಷ್ಟ್ರನ್ನು ಈ ಮಕ್ಕಳು ಏಳು ಸಲ ಕೇಳುತ್ತಿದ್ದಾರೆ. ಅವರು ಗದರುವುದಿಲ್ಲ, ಹುಬ್ಬು ಗಂಟಿಕ್ಕುವುದಿಲ್ಲ. ಟೀಚರ್‌ಗೆ ಅವಮಾನವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಎಂದರೆ ಸುಳ್ಳಲ್ಲ.

ಎಂಟನೆಯ ಸಲ ಮೇಷ್ಟ್ರು ಹಿಂದಕ್ಕೆ ಓಡುವಾಗಲೇ ಕರೆಂಟು ಹೋಯಿತು. ಎಲ್ಲೋ ಲೈನಿನ ಮೇಲೆ ಮರ ಬಿದ್ದಿರಬೇಕು. ಹಾಗಾದರೆ ಸಂಜೆಯವರೆಗೆ ಬರುವ ಮಾತಿಲ್ಲ.

ಟೀಚರ್ ಎದ್ದು ಮುಂದೆ ಹೋಗಿ ಸೀಮೆಸುಣ್ಣ ಹಿಡಿದರು. ಅದೇ ಸಮೀಕರಣವನ್ನು ಬೋರ್ಡಿನ ಮೇಲೆ ಬರೆದು, ಬಾಯಿಪಾಠದಂತೆ, "ಪ್ಲಸ್ ಐದು ಆ ಕಡೆ ಹೋದಾಗ ಮೈನಸ್ ಐದು ಆಗುತ್ತೆ," ಎಂದು ತಿರುಗಿದರು.

ಬುಷ್ರಾ ರಿಮೋಟನ್ನು ಅವರ ಮುಖಕ್ಕೇ ಹಿಡಿದು ಒತ್ತಿದ್ದಳು.

ಬೇಕೆಂದು ಮಾಡಿದ್ದಲ್ಲ, ಬೆರಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಮುಂದಿನ ಬೆಂಚಿನ ಅಶ್ವಿನ್ ಕಿಸಕ್ಕೆಂದ. ಬುಷ್ರಾಳ ಕೈ ಇಳಿಯುವುದನ್ನೂ ಮರೆತಿತ್ತು.

ಟೀಚರ್‌ಗೆ ಮೊದಲು ಬಂದದ್ದು ಸಿಟ್ಟೇ. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡರು. ಟಿ.ವಿ.ಯ ಮೇಷ್ಟ್ರಂತೆ ಎರಡು ಹೆಜ್ಜೆ ಹಿಂದಕ್ಕೆ ಇಟ್ಟು, ಬೋರ್ಡಿನತ್ತ ತಿರುಗಿ, ಬರೆದ ಸಾಲನ್ನು ಅಳಿಸಿ ಮತ್ತೆ ಬರೆದರು. "ಪ್ಲಸ್ ಐದು ಆ ಕಡೆ ಹೋದಾಗ ಮೈನಸ್ ಐದು ಆಗುತ್ತೆ. ಆಯ್ತಾ?"

ಯಾರೂ ರಾಗ ಎಳೆಯಲಿಲ್ಲ.

"ಎಷ್ಟು ಹಿಂದಕ್ಕೆ ಹೋಗ್ಬೇಕು ಬುಷ್ರಾ? ಹೇಳು, ಬೈಯೋದಿಲ್ಲ."

"ಅದು... ಆ ಕಡೆ ಹೋದ್ರೆ ಮೈನಸ್ ಯಾಕಾಗುತ್ತೆ ಅಂತ, ಟೀಚರ್."

"ಅದು ಎಂಟನೇ ಕ್ಲಾಸಿಂದಲ್ವಾ?"

"ಹೌದು. ಆಗಿಂದ್ಲೂ."

"ಇನ್ಯಾರಿಗೆ ಗೊತ್ತಿಲ್ಲ?"

ಒಂದು ಕೈ ಎದ್ದಿತು, ಆಮೇಲೆ ನಾಲ್ಕು. ಕೊನೆಗೆ ಅಶ್ವಿನ್ ಕೂಡ ಅರ್ಧ ಕೈ ಎತ್ತಿದ. "ಮಾಡೋಕ್ಕೆ ಬರುತ್ತೆ ಟೀಚರ್. ಯಾಕೆ ಅಂತ ಗೊತ್ತಿಲ್ಲ."

ಟೀಚರ್ ಕುರ್ಚಿ ಎಳೆದು ಕೂತರು. ಸಿ.ಡಿ.ಯ ಮೇಷ್ಟ್ರು ಏಳು ಸಲವೂ ಅದೇ ಮಾತು ಹೇಳಿದ್ದರು, ತಾವೂ ಈಗ ಎರಡು ಸಲ ಅದನ್ನೇ ಹೇಳಿದ್ದಾಯಿತು. ಬೇರೆ ದಾರಿ ಬೇಕಿತ್ತು. ಕಿಟಕಿಯಾಚೆ ತೋಟದ ಕಣದಲ್ಲಿ ಕಾಫಿ ಹಣ್ಣು ತೂಗುವ ತಕ್ಕಡಿ ನೇತಾಡುತ್ತಿತ್ತು. ಕೊಯ್ಲು ಶುರುವಾಗಿ ವಾರವಾಗಿತ್ತು.

"ಆ ತಕ್ಕಡೀಲಿ ಒಂದು ಕಡೆ ಒಂದು ಚೀಲ, ಜೊತೆಗೆ ಐದು ಕೆ.ಜಿ. ಕಲ್ಲು. ಇನ್ನೊಂದು ಕಡೆ ಹನ್ನೆರಡು ಕೆ.ಜಿ. ತಕ್ಕಡಿ ಸಮ ನಿಂತಿದೆ. ನಂಗೆ ಚೀಲದ ತೂಕ ಬೇಕು. ಐದರ ಕಲ್ಲು ತೆಗೆದೆ. ಏನಾಯ್ತು?"

"ಚೀಲದ ಕಡೆ ಮೇಲೆ ಹೋಗುತ್ತೆ."

"ಸಮ ನಿಲ್ಲಬೇಕಾದ್ರೆ?"

"ಆ ಕಡೆಯಿಂದ್ಲೂ ಐದು ತೆಗೀಬೇಕು," ಎಂದಳು ಬುಷ್ರಾ. ಹೇಳಿ ಬೋರ್ಡು ನೋಡಿದಳು, ಮತ್ತೆ ಕಣದ ಕಡೆ ನೋಡಿದಳು. "ಹಾಗಾದ್ರೆ ಐದು ಆ ಕಡೆ ಹೋಗೋದೇ ಇಲ್ಲ ಅಲ್ವಾ ಟೀಚರ್?"

"ಇಲ್ಲ. ಎರಡೂ ಕಡೆಯಿಂದ ತೆಗೆದದ್ದು ಅಷ್ಟೇ."

"ಮತ್ತೆ ಹೋಗುತ್ತೆ ಅಂತ ಯಾಕೆ ಹೇಳ್ತೀರಿ?"

ಟೀಚರ್ ಎದ್ದು ಬೋರ್ಡಿನ ಸಾಲನ್ನು ಅಳಿಸಿದರು. "ನಮ್ಮ ಮೇಷ್ಟ್ರು ನಂಗೆ ಹಾಗೇ ಹೇಳಿದ್ರು. ನಾನು ತಿರುಗಿ ಕೇಳ್ಲಿಲ್ಲ."

ಬುಷ್ರಾ ರಿಮೋಟನ್ನು ತಂದು ಮೇಜಿನ ಮೇಲಿಟ್ಟಳು. ಟೀಚರ್ ಅದನ್ನು ಅವಳ ಕಡೆಗೇ ತಳ್ಳಿದರು. "ನಿನ್ನ ಹತ್ರಾನೇ ಇರ್ಲಿ. ಕರೆಂಟು ಇಲ್ದಿದ್ರೂ ಒತ್ತು."

ಮುಂದಿನ ಆರು ದಿನ ಅವರು ಹತ್ತನೇ ಕ್ಲಾಸಿನಲ್ಲಿ ಎಂಟನೇ ಕ್ಲಾಸಿನ ಪಾಠ ಮಾಡಿದರು. ಕರೆಂಟು ಇದ್ದಾಗ ಸಿ.ಡಿ. ಹಾಕಿಸಿ ಪಕ್ಕದಲ್ಲೇ ನಿಂತರು. ಮಕ್ಕಳು ಎಲ್ಲಿ ಹಿಂದಕ್ಕೆ ಓಡಿಸುತ್ತಾರೋ ಅಲ್ಲಿ ಟಿ.ವಿ. ನಿಲ್ಲಿಸಿ, ತಾವೇ ಬೇರೆ ರೀತಿಯಲ್ಲಿ ಹೇಳಿ ನೋಡಿದರು. ಒಂದೊಂದು ಸಲ ಅವರಿಗೂ ಬೇರೆ ರೀತಿ ಹೊಳೆಯದೆ, "ನಾಳೆ ಹೇಳ್ತೀನಿ" ಎಂದದ್ದೂ ಉಂಟು.

ಕಡೆಯ ದಿನ ಅಹಮದ್ ಅವರನ್ನು ಕರೆಸಿ ಅರ್ಜಿ ಮುಂದಿಟ್ಟರು.

"ಸೈನ್ ಹಾಕಿ. ಈ ವರ್ಷವೇ ಕೂರ್ಲಿ."

ಅಹಮದ್ ಕೈಯನ್ನು ಪ್ಯಾಂಟಿಗೆ ಒರೆಸಿ ಪೆನ್ನು ತೆಗೆದುಕೊಂಡರು. "ಎಲ್ಲಿ ನಿಂತಿದೆ ಅಂತ ಸಿಕ್ತಾ ಟೀಚರ್?"

"ಸಿಕ್ತು. ಎಂಟನೇ ಕ್ಲಾಸಲ್ಲಿ. ನನ್ನ ಕ್ಲಾಸಲ್ಲೇ ನಿಂತಿತ್ತು."

"ಹಾಗಾದ್ರೆ ಪಾಸಾಗ್ತಾಳಾ?"

"ಅದು ಗೊತ್ತಿಲ್ಲ ಅಹಮದ್ ಅವ್ರೇ. ಹೊತ್ತು ಕಡಿಮೆ ಇದೆ. ಆಗದೆಯೂ ಇರ್ಬಹುದು."

"ನಿಮ್ಮ ರಿಸಲ್ಟು?"

"ಅದು ನನ್ನ ತಲೆನೋವು ಮಾರಾಯ್ರೇ. ನೀವು ಸೈನ್ ಹಾಕಿ."

ಅಹಮದ್ ನಿಧಾನವಾಗಿ ಸಹಿ ಹಾಕಿದರು. ಅರ್ಜಿಯ ಮೂಲೆಯಲ್ಲಿ ಗ್ರೀಸಿನ ಹೆಬ್ಬೆರಳ ಗುರುತು ಮೂಡಿತು. ಟೀಚರ್ ಅದನ್ನು ಒರೆಸಲು ಹೋಗದೆ, ಉಳಿದ ಅರ್ಜಿಗಳ ಮೇಲಿಟ್ಟು ದಾರ ಕಟ್ಟಿದರು.